ಹನ್ನೊಂದು ಪೆಟ್ಟಿಗೆ, ಹನ್ನೊಂದು ಹಳದಿ ಚುಕ್ಕೆ

ಅಕ್ಕಾ,

ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ಮುಂದಿನ ಸಾಲಿನಲ್ಲಿ ಆಗಲೇ ಆಕಳಿಸುತ್ತಿರುವ ಮಹನೀಯರೇ! ಚಿಕ್ಕಂದಿನಲ್ಲಿ ಸ್ಟೂಲು ಹತ್ತಿ ನಿನ್ನೆದುರು ಭಾಷಣ ಬಿಗಿಯುತ್ತಿದ್ದ ತಮ್ಮನಿಗೆ ನಲವತ್ತಾರಾದರೂ ಆ ಚಾಳಿ ಬಿಟ್ಟಿಲ್ಲ. ಇವತ್ತಿನ ವಿಷಯ, ನಿನ್ನ ಕಣಕಾಲಿನೊಳಗೆ ಮುರಿದ ಸ್ಕ್ರೂ.

ಅದು ಲೋಹದ್ದಲ್ಲ. ಮೂಳೆ ಕೂಡಿಕೊಳ್ಳುವ ತನಕ ಬಿಗಿಹಿಡಿದಿದ್ದು, ಆಮೇಲೆ ನಿಧಾನವಾಗಿ ಮೈಯಲ್ಲೇ ಕರಗಿಹೋಗುವ ಪಾಲಿಮರಿನದು, ನಮ್ಮ ಕಾರ್ಖಾನೆಯದೇ. "ನೀನಿರೋ ಕಾರ್ಖಾನೇದು ಅಂದ್ರೆ ಕಣ್ಣು ಮುಚ್ಕೊಂಡು ಹಾಕಿಸ್ಕೋತೀನಿ ಕಣೋ" ಎಂದಿದ್ದೆ ನೀನು. ಆರನೇ ವಾರ ನೀನು ಓಡಲಿಲ್ಲ, ಜಿಗಿಯಲಿಲ್ಲ. ಅಡುಗೆಮನೆಯಲ್ಲಿ ನಿಂತಲ್ಲೇ ತಿರುಗಿದೆ, ಅಷ್ಟೇ. ಈಗ ಎರಡನೇ ಆಪರೇಷನ್ ಆಗಿದೆ. ಮಕ್ಕಳಿಗೆ ಈಜು ಕಲಿಸುವವಳು ಮತ್ತೆ ಕೊಳಕ್ಕಿಳಿಯುವುದು ಯಾವಾಗ ಎಂದರೆ ಡಾಕ್ಟರು "ನೋಡೋಣ" ಎನ್ನುತ್ತಾರೆ. ಏನು ನೋಡುವುದು, ಮಣ್ಣು!

ಸ್ಕ್ರೂಗಳನ್ನು ಪೆಟ್ಟಿಗೆಯ ಸಮೇತ ಗಾಮಾ ಕಿರಣಕ್ಕೆ ಒಡ್ಡುತ್ತಾರೆ, ಕ್ರಿಮಿಗಳು ಸಾಯಲಿ ಎಂದು. ಕಿರಣಕ್ಕೆ ಕ್ರಿಮಿ ಯಾವುದು, ಸ್ಕ್ರೂ ಯಾವುದು ಎಂಬ ಭೇದವಿಲ್ಲ. ಪಾಲಿಮರ್ ಎಂದರೆ ಉದ್ದುದ್ದ ಸರಪಳಿಗಳು. ಅವನ್ನೂ ಅಲ್ಲಲ್ಲಿ ಕತ್ತರಿಸುತ್ತದೆ. ಒಂದು ಸಲದ ಕತ್ತರಿಯನ್ನು ತಾಳಿಕೊಳ್ಳುವಂತೆಯೇ ಸ್ಕ್ರೂ ಮಾಡಿರುತ್ತಾರೆ. ನಿನ್ನದಿದ್ದ ಪೆಟ್ಟಿಗೆ ಎರಡು ಸಲ ಹೋಗಿತ್ತು. ಹೊರಗೆ ಹೊಸದರಂತೆ ಹೊಳಪು, ಎಳೆದು ನೋಡಿದರೂ ಗಟ್ಟಿ. ಮೈಯ ಬಿಸಿ, ಮೈಯ ತೇವ ತಗಲಿದ ಮೇಲಷ್ಟೇ ಅದರ ಒಳಗುಟ್ಟು ರಟ್ಟು.

ಮ್ಯಾನೇಜರಿಗೆ ಗೊತ್ತಿತ್ತು, ಅಕ್ಕಾ! ಕಿರಣ ಘಟಕದ ಚೀಟಿಯಲ್ಲಿ ಎರಡು ದಿನಾಂಕಗಳಿದ್ದವು. ಗುಮಾಸ್ತ ಅದನ್ನು ತೋರಿಸಿದಾಗ ಆತ ನಕ್ಕನಂತೆ. "ಎರಡು ಸಲ ಸ್ನಾನ ಮಾಡಿದ್ರೆ ಯಾರಾದ್ರೂ ಸವೀತಾರೇನ್ರೀ? ಇನ್ನೂ ಶುದ್ಧ ಆಯ್ತು, ಕಳಿಸ್ರೀ ಆಸ್ಪತ್ರೆಗೆ!" ಅದೇ ಮನುಷ್ಯ ಈಗ ಬೆರಳು ತೋರಿಸುತ್ತಿರುವುದು ಗೋದಾಮಿನ ಹಮಾಲಿಯ ಕಡೆಗೆ. ನಾವೆಲ್ಲ ಮಾವ ಎಂದು ಕರೆಯುವ, ಓದು ಬಾರದ, ಒಂದು ದಿನವೂ ತಡವಾಗಿ ಬಾರದ ಆ ಮುದುಕನ ಕಡೆಗೆ.

ಪ್ರತಿ ಪೆಟ್ಟಿಗೆಯ ಮೇಲೆ ಒಂದು ಹಳದಿ ಚುಕ್ಕೆ ಅಂಟಿಸಿರುತ್ತೇವೆ. ಕಿರಣ ತಗಲಿದರೆ ಅದು ಕೆಂಪಾಗುತ್ತದೆ. ಗೋದಾಮಿನ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ನನ್ನದೇ ಪ್ರಾಸ: "ಹಳದಿಯಿದ್ದರೆ ಕಳಿಸು, ಕೆಂಪಾದರೆ ಉಳಿಸು." ಮಾವ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದ. ಹನ್ನೊಂದು ಪೆಟ್ಟಿಗೆಗಳ ಮೇಲೆ ಹಳದಿ ಕಂಡ, ಕಿರಣಕ್ಕೆ ಕಳಿಸಿದ. "ಪದ್ಯದಲ್ಲಿ ಇದ್ದ ಹಾಗೇ ಮಾಡ್ದೆ ಸಾರ್, ತಪ್ಪಾಯ್ತಾ?" ಎಂದು ನನ್ನನ್ನೇ ಕೇಳಿದ. ನಾಳೆ ಅವನ ವಿಚಾರಣೆ. ನಾಡಿದ್ದಿನಿಂದ ಅವನಿಗೆ ಕೆಲಸವಿಲ್ಲ.

ಒಮ್ಮೆ ಹೋಗಿಬಂದ ಪೆಟ್ಟಿಗೆಯ ಮೇಲೆ ಹಳದಿ ಎಲ್ಲಿಂದ ಬಂತು? ಅಂಟು ಬಿಟ್ಟು ಕೆಂಪು ಚುಕ್ಕೆಗಳು ಉದುರಿದ್ದವು. ಆ ಜಾಗದಲ್ಲಿ ಯಾರೋ ಹೊಸದನ್ನು ಮೆತ್ತಿದ್ದರು. "ಆ ಕೈ ಯಾರದು ಅಂತ ಗೊತ್ತಾದ್ರೆ ಹೇಳೋ, ಈ ಊರುಗೋಲಲ್ಲೇ ಬಾರಿಸ್ತೀನಿ" ಎಂದೆ ನೀನು, ಆಸ್ಪತ್ರೆಯ ಮಂಚದ ಮೇಲೆ. ನಾನೂ ದನಿಗೂಡಿಸಿದೆ. ಹೊಣೆಗೇಡಿ, ಮತಿಗೇಡಿ, ಕೆಲಸಗೇಡಿ ಎಂದು ಸಾಲಾಗಿ ಪ್ರಾಸ ಕಟ್ಟಿ ಬೈದೆ. ನೋವಿನಲ್ಲೂ ನೀನು ನಕ್ಕೆ. ನೀನು ನಕ್ಕೆಯಲ್ಲ ಎಂದು ಇನ್ನೂ ನಾಲ್ಕು ಬೈದೆ.

ಮಾನ್ಯ ಅಧ್ಯಕ್ಷರೇ...

ಬೇಡ. ಇಲ್ಲಿ ಯಾವ ಅಧ್ಯಕ್ಷರೂ ಇಲ್ಲ. ಅಕ್ಕಾ, ಆ ಕೈ ನನ್ನದು. ಪೆಟ್ಟಿಗೆಗಳು ಬೋಳಾಗಿ ಕಂಡವು, ಜೇಬಿನಲ್ಲಿ ಚುಕ್ಕೆಗಳ ಸುರುಳಿಯಿತ್ತು. ಕಿರಣಕ್ಕೆ ಹೋಗಿಬಂದವೋ ಇಲ್ಲವೋ ಎಂದು ನೋಡದೆ ನೀಟಾಗಿ ಅಂಟಿಸಿ, ಅಂದವಾಯಿತೆಂದುಕೊಂಡು ಊಟಕ್ಕೆ ಹೋದೆ. ನಾಳೆ ವಿಚಾರಣೆಯ ಕೋಣೆಗೆ ಮಾವನಿಗಿಂತ ಮೊದಲು ನಾನು ಹೋಗುತ್ತೇನೆ.

ಊರುಗೋಲು ಕೈಗೆಟಕುವಲ್ಲಿ ಇಟ್ಟುಕೊಂಡಿರು, ಸಂಜೆ ಬರುತ್ತೇನೆ. ನಿನ್ನ ಕಾಲು ಬೇಗ ನೀರಿಗಿಳಿಯಲಿ.

ನಿನ್ನ ತಮ್ಮ