ಕಟ್ಟದೆ ಬಿಟ್ಟ ಕೈ

ಮಾರ್ಚ್ ೧೪, ಭಾನುವಾರ

ಪ್ರೀತಿಯ ಅಕ್ಕನಿಗೆ ಪುಟ್ಟಿಯ ನಮಸ್ಕಾರಗಳು.

ನೀನೂ ಮರಿಯೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡ. ಬೈಯಲೇಬೇಕು ಎಂದಿದ್ದರೆ ಇದನ್ನು ಪೂರ್ತಿ ಓದಿ ಆಮೇಲೆ ಬೈ. ಪುರಸೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಕೆಲಸ ಹಿಡಿದಿದ್ದೆ, ಅದು ಮುಗಿಯುವವರೆಗೆ ಯಾರ ಮುಂದೆಯೂ ಬಾಯಿ ಬಿಡಬಾರದೆಂದು ಗಟ್ಟಿ ಮಾಡಿಕೊಂಡಿದ್ದೆ. ನನ್ನ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ ಎಂದು ಆಡಿಕೊಳ್ಳುತ್ತೀಯಲ್ಲ, ಈ ಸಲ ನಿಂತಿದೆ ನೋಡು. ಫೋನಿನಲ್ಲಿ ಹೇಳೋಣವೆಂದರೆ ನಿನಗೆ ಕೇಳಿಸುವಷ್ಟು ಜೋರಾಗಿ ಕೂಗಬೇಕು, ಹಾಗೆ ಕೂಗಿದರೆ ಪಕ್ಕದ ಮನೆಯವರಿಗೂ ಪಾಲು ಹೋಗುತ್ತದೆ. ಅದಕ್ಕೇ ಕಾಗದ.

ಈಗ ಮೆಷಿನ್ ನಿಲ್ಲಿಸಿ, ಹೊಲಿಯುವ ಬಟ್ಟೆ ಪಕ್ಕಕ್ಕಿಟ್ಟು ಓದು. ನಿನ್ನ ದೊರೆ ನನ್ನ ಕೈಗೆ ಸಿಕ್ಕಿಬಿದ್ದಿದ್ದಾರೆ.

ಹೌದು, ಅವರೇ, ನಿನ್ನ ಮಾಜಿ ಪತಿದೇವರು. ಜನವರಿಯ ಶುರುವಿನಲ್ಲಿ ತಮ್ಮ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕೂತು, ಕ್ಲಚ್ ಬಿಡಲು ಬಾರದ ಯಾರೋ ಹುಡುಗಿಗೆ ಬೈಯುತ್ತಿದ್ದಾಗಲೇ ಬಾಯಿ ಸೊಟ್ಟಗಾಗಿ, ಬಲಭಾಗ ಪೂರ್ತಿ ಬಿದ್ದುಹೋಯಿತಂತೆ. ಪಾರ್ಶ್ವವಾಯು. ಆ ಹುಡುಗಿಯೇ ಅವರನ್ನು ಬಾಗಿಲಿಗೆ ಒರಗಿಸಿ, ಮೊದಲನೇ ಗೇರಿನಲ್ಲೇ ಆಸ್ಪತ್ರೆಯ ಬಾಗಿಲವರೆಗೂ ಗಾಡಿ ತಂದಳಂತೆ. ಪಾಠವನ್ನೇನೋ ಚೆನ್ನಾಗಿಯೇ ಹೇಳಿಕೊಟ್ಟಿದ್ದರು, ಪಾಪ. ಸ್ವಲ್ಪ ದಿನದಲ್ಲಿ ಮಾತು ಸರಿಹೋಯಿತು, ಎಳೆದುಕೊಂಡಾದರೂ ನಡೆಯುವಷ್ಟು ಕಾಲು ಬಂತು. ಬಲಗೈ ಮಾತ್ರ ಏಳಲಿಲ್ಲ. ಅದಕ್ಕೆ ಚಿಕಿತ್ಸೆ ಕೊಡಿಸಲು ಅವರನ್ನು ಆಸ್ಪತ್ರೆಯ ನೆಲಮಾಳಿಗೆಗೆ, ನಮ್ಮ ಫಿಸಿಯೋಥೆರಪಿ ವಿಭಾಗಕ್ಕೆ ಕಳಿಸಿದರು. ಇಲ್ಲಿ ಕೈಯ ಕೆಲಸ ನೋಡುವವಳು ನಾನೊಬ್ಬಳೇ ಎಂಬುದು ನಿನಗೂ ಗೊತ್ತು.

ಗಾಲಿಕುರ್ಚಿ ತಳ್ಳಿಕೊಂಡು ಬಂದವಳು ನಿನ್ನ ಜಾಗಕ್ಕೆ ಬಂದವಳು. ನನಗಿಂತ ಚಿಕ್ಕವಳು, ಸದಾ ತಲೆ ತಗ್ಗಿಸಿಕೊಂಡೇ ಇರುತ್ತಾಳೆ. ಅವಳನ್ನು ಕಂಡರೂ ನನಗೆ ಮೈ ಉರಿಯಿತು, ಸುಳ್ಳೇಕೆ ಹೇಳಲಿ. ದೊರೆ ಮಾತ್ರ ನನ್ನನ್ನು ನೋಡಿದ್ದೇ ತಡ, ಅಲ್ಲಿದ್ದ ರೋಗಿಗಳಿಗೆಲ್ಲ ಕೇಳಿಸುವ ಹಾಗೆ, "ಓಹೋ, ನಮ್ ಪುಟ್ಟಿ! ನಾದಿನಿ ಕೈಗೇ ಬಿದ್ದೆ ಅಂದ್ಮೇಲೆ ಇನ್ನೇನ್ ಭಯ ಬಿಡಿ! ಹಳೇದೆಲ್ಲ ಮನಸ್ಸಲ್ಲಿ ಇಟ್ಕೋಬೇಡಮ್ಮಾ. ನಿಮ್ಮಕ್ಕ ಸ್ವಲ್ಪ ಸೂಕ್ಷ್ಮ, ಅಷ್ಟೇ" ಅಂದರು.

ಸೂಕ್ಷ್ಮವಂತೆ! "ಹಳೇದೆಲ್ಲ ಯಾರ್ ಇಟ್ಕೋತಾರೆ ಭಾವ?" ಎಂದು ನಕ್ಕು, ಅವರ ಬಲಗೈ ಎತ್ತಿ ನನ್ನ ಮೇಜಿನ ಮೇಲೆ ಇಟ್ಟುಕೊಂಡೆ.

ಎಷ್ಟು ಭಾರ ಗೊತ್ತಾ ಆ ಕೈ? ನೀರು ತುಂಬಿ ಊದಿಕೊಂಡಿತ್ತು, ಬೆರಳೆಲ್ಲ ಒಳಕ್ಕೆ ಮಡಚಿಕೊಂಡಿದ್ದವು. ಅದನ್ನು ನೋಡುತ್ತಿದ್ದಂತೆ ನನಗೆ ಆ ಕಿವಿ ಡಾಕ್ಟರ ಕೋಣೆ ಕಣ್ಣಿಗೆ ಬಂತು. ನೀನು ಸ್ಟೂಲಿನ ಮೇಲೆ ಕೂತಿದ್ದೆ, ನಾನು ಕಾಲೇಜಿಗೆ ಚಕ್ಕರ್ ಹೊಡೆದು ನಿನ್ನ ಚೀಲ ಹಿಡಿದುಕೊಂಡು ನಿಂತಿದ್ದೆ. ಇವರು ನಿನ್ನ ಪಕ್ಕದಲ್ಲೇ ನಿಂತು "ಬಚ್ಚಲಲ್ಲಿ ಜಾರಿ ಬಿದ್ಲು ಡಾಕ್ಟ್ರೇ" ಅಂದರು. ಡಾಕ್ಟರು ಕಿವಿಯೊಳಗೆ ದೀಪ ಬಿಟ್ಟು ನೋಡಿದರು, ತಮಟೆ ಹರಿದದ್ದು ಕಂಡಿತು. ನಿನ್ನ ತಲೆಗೆ ತಂತಿ ತೊಡಿಸಿ ಎಷ್ಟು ಕೇಳಿಸುತ್ತದೆಂದು ಯಂತ್ರದಲ್ಲಿ ಅಳೆದರು. ಅಷ್ಟೊಂದು ಉಪಕರಣ ಇಟ್ಟುಕೊಂಡವರಿಗೆ ನಿನ್ನ ಕೆನ್ನೆಯ ಮೇಲೆ ಮೂಡಿದ್ದ ಬೆರಳು ಮಾತ್ರ ಕಾಣಲಿಲ್ಲ. ಕಿವಿಗೆ ಹನಿಮದ್ದು ಬರೆದು ಕಳಿಸಿದರು. ನೀನು ಮರಿಯನ್ನು ಎತ್ತಿಕೊಂಡು ಆ ಮನೆ ಬಿಡುವ ಹೊತ್ತಿಗೆ ಇನ್ನೊಂದು ಕಿವಿಯೂ ಅರ್ಧ ಹೋಗಿತ್ತು. ಆವತ್ತಿನಿಂದ ಆ ಕೈ ಮುರಿದುಹೋಗಲಿ ಎಂದು ಶಪಿಸದೆ ನಾನು ಮಲಗಿದ ದಿನವಿಲ್ಲ. ಈಗ ಅದೇ ಕೈ ನನ್ನ ಮೇಜಿನ ಮೇಲೆ, ಮುದ್ದೆಯಾಗಿ ಬಿದ್ದಿದೆ. ಎತ್ತಿ ನಿಲ್ಲಿಸಬೇಕಾದವಳು ನಾನು!

ಇನ್ನು ನನ್ನ ಕೋಣೆಯಲ್ಲಿ ಏನೇನಿದೆ ಎಂದು ಹೇಳುತ್ತೇನೆ, ಇಲ್ಲದಿದ್ದರೆ ನಾನು ಮಾಡಿದ ಕೆಲಸದ ಸೊಗಸು ನಿನಗೆ ತಿಳಿಯುವುದಿಲ್ಲ. ಒಂದು ಕಡೆ ಜನರಿಗೆ ಇಷ್ಟವಾಗುವ ಸಾಮಾನುಗಳಿವೆ. ಕರೆಂಟ್ ಕೊಡುವ ಮೆಷಿನ್ನು, ಅದರ ಒದ್ದೆ ಪಟ್ಟಿಗಳು, ಕೈ ಅದ್ದಿ ತೆಗೆಯುವ ಬಿಸಿ ಮೇಣದ ತೊಟ್ಟಿ, ಕೆಂಪು ದೀಪ, ಗುಂಯ್‌ಗುಟ್ಟುತ್ತಾ ನಡುಗುವ ಮಸಾಜ್ ಯಂತ್ರ. ಇವಕ್ಕೂ ಅವುಗಳದ್ದೇ ಉಪಯೋಗವಿದೆ, ಇಲ್ಲವೆನ್ನುವುದಿಲ್ಲ. ನೋವು ಇಳಿಯುತ್ತದೆ, ಬಿಗಿ ಸಡಿಲವಾಗುತ್ತದೆ. ಆದರೆ ಪಾರ್ಶ್ವವಾಯು ಹೊಡೆದ ಕೈ ಬರೀ ಇವುಗಳಿಂದ ಏಳುವುದಿಲ್ಲ. ಅದಕ್ಕೆ ಬೇಕಾದವು ಇನ್ನೊಂದು ಕಡೆ, ಮೂಲೆಯ ಮರದ ಕಪಾಟಿನಲ್ಲಿವೆ. ಒಂದು ತಟ್ಟೆ ತುಂಬ ಅಂಗಿಯ ಗುಂಡಿಗಳು, ಬಟ್ಟೆ ಕ್ಲಿಪ್ಪುಗಳು, ಮೇಲಿಂದ ಮೇಲೆ ಇಡುವ ಲೋಟಗಳು. ನೋಡಿದರೆ ಅಂಗನವಾಡಿ ಅನ್ನಬೇಕು. ಬೆವರು ಸುರಿಸಿ, ಅತ್ತು ಕರೆದು, ಆ ಗುಂಡಿಗಳನ್ನು ದಿನಕ್ಕೆ ನೂರಾರು ಸಲ ಹೆಕ್ಕಬೇಕು. ಎಲ್ಲಕ್ಕಿಂತ ಗಟ್ಟಿ ಮದ್ದು ಒಂದು ದಪ್ಪ ಕೈಗವಸು. ಅದನ್ನು ಬಿದ್ದ ಕೈಗಲ್ಲ, ಚೆನ್ನಾಗಿರುವ ಕೈಗೆ ತೊಡಿಸಿ ಕಟ್ಟಿಬಿಡುತ್ತೇವೆ. ಒಳ್ಳೆಯ ಕೈಗೆ ಕೆಲಸ ಇಲ್ಲದಂತೆ ಮಾಡಿದರೆ ಸೋಮಾರಿ ಕೈ ವಿಧಿಯಿಲ್ಲದೆ ಏಳುತ್ತದೆ. ಎಲ್ಲರಿಗೂ ಇದು ಆಗುವುದಿಲ್ಲ. ಬೆರಳು ಸ್ವಲ್ಪವಾದರೂ ಬಿಚ್ಚಬೇಕು. ಫೆಬ್ರವರಿಯ ಹೊತ್ತಿಗೆ ದೊರೆಯ ಬೆರಳು ಬಿಚ್ಚತೊಡಗಿತ್ತು.

ನಮ್ಮ ದೊಡ್ಡ ಡಾಕ್ಟರು ನೋಡಿ, "ಒಳ್ಳೇ ಕೇಸು ಕಣಮ್ಮ. ಈ ಒಂದೆರಡು ತಿಂಗಳು ಗಟ್ಟಿಯಾಗಿ ಹಿಡ್ಕೋ. ಈಗ ಬಿಟ್ರೆ ಆಮೇಲೆ ಕಷ್ಟ" ಎಂದು ಹೇಳಿಯೇ ಹೋದರು.

ನಾನು ಕೈಗವಸು ತೊಡಿಸಿದೆ. ಅರ್ಧ ಗಂಟೆ ಆಗಿರಲಿಲ್ಲ, ಆ ಕಟ್ಟಿದ ಕೈಯಿಂದಲೇ ತಟ್ಟೆ ತಳ್ಳಿ ಬೀಳಿಸಿದರು. ಗುಂಡಿಗಳೆಲ್ಲ ನೆಲದ ಮೇಲೆ. "ನಾನೇನ್ ದನ ಅಂದ್ಕೊಂಡ್ಯಾ ಕಟ್ಟಿ ಹಾಕೋಕೆ? ಅಷ್ಟೊಂದು ಮೆಷಿನ್ ಇದೆ, ಕರೆಂಟ್ ಇಡಕ್ಕೇನ್ ದಾಡಿ?" ಎಂದು ಎಗರಾಡಿದರು. ಅವರ ಹೆಂಡತಿ ಮೇಜಿನ ಕೆಳಗೆ ತೂರಿ ಗುಂಡಿ ಹೆಕ್ಕುತ್ತಿದ್ದಳು. ಬೇರೆ ರೋಗಿಗಳು ಹೀಗೆ ಹಠ ಮಾಡಿದರೆ ನಾನು ಬಿಡುವವಳಲ್ಲ. ಗದರುತ್ತೇನೆ, ಗೋಗರೆಯುತ್ತೇನೆ, ಮಕ್ಕಳ ಮೇಲೆ ಆಣೆ ಹಾಕಿಸುತ್ತೇನೆ. ಆವತ್ತು ಅದೊಂದನ್ನೂ ಮಾಡಲಿಲ್ಲ. ನಿಧಾನಕ್ಕೆ ಗಂಟು ಬಿಚ್ಚಿ, "ಆಯ್ತು ಬಿಡಿ ಭಾವ, ನಿಮಗ್ಯಾಕೆ ಹಿಂಸೆ? ನಿಮಗೆ ಹೇಗೆ ಬೇಕೋ ಹಾಗೇ ಮಾಡೋಣ" ಅಂದೆ.

ಅಷ್ಟೇ ಅಕ್ಕಾ ನಾನು ಮಾಡಿದ್ದು. ವಿಷ ಹಾಕಲಿಲ್ಲ, ಮೂಳೆ ಮುರಿಯಲಿಲ್ಲ. ಅವರು ಕೇಳಿದ್ದನ್ನೇ ಕೊಟ್ಟೆ. ಬಂದ ಕೂಡಲೇ ಬಿಸಿ ಮೇಣ, ಆಮೇಲೆ ಕರೆಂಟು, ಆಮೇಲೆ ಹದವಾದ ಮಸಾಜು. ಅವರು ಕಣ್ಣು ಮುಚ್ಚಿ ಒರಗಿಕೊಂಡು "ಆಹಾ" ಅನ್ನುತ್ತಿದ್ದರು. ಪಕ್ಕದ ಮೇಜಿನಲ್ಲಿ ಅಂಚೆ ಕಚೇರಿಯಿಂದ ನಿವೃತ್ತನಾದ ಒಬ್ಬ ಮುದುಕ, ಇವರಿಗಿಂತ ಮೋಸವಾಗಿದ್ದ ಕೈ ಇಟ್ಟುಕೊಂಡು, ಕಣ್ಣೀರು ಹಾಕುತ್ತಾ ಗುಂಡಿ ಹೆಕ್ಕುತ್ತಿದ್ದ. ಈಗ ಅವನು ತನ್ನ ಲೋಟ ತಾನೇ ಹಿಡಿಯುತ್ತಾನೆ.

ಒಂದು ದಿನ ಅವಳು, ಆ ಹೆಂಡತಿ, ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ "ಅಕ್ಕಾ, ಆ ತಾತಂಗೆ ಗುಂಡಿ ಕೊಡ್ತೀರಿ, ಇವರಿಗೆ ಯಾಕೆ ಕೊಡಲ್ಲ?" ಎಂದು ಕೇಳಿದಳು. ನನ್ನನ್ನು ಅಕ್ಕ ಅನ್ನಲು ಇವಳಿಗೇನು ಹಕ್ಕು ಎಂದು ಸಿಟ್ಟು ಬಂತು. "ಒಬ್ಬೊಬ್ಬರಿಗೆ ಒಂದೊಂದು ಚಿಕಿತ್ಸೆ ಇರುತ್ತಮ್ಮ" ಅಂದೆ. ಒಂದು ಸಲ ತಲೆ ಎತ್ತಿ ನನ್ನನ್ನು ನೋಡಿ, ಹ್ಞೂಂ ಎಂದು ಹೋದಳು. ಮತ್ತೆ ಕೇಳಲಿಲ್ಲ.

ಅಲ್ಲಿಗೂ ನಿಲ್ಲಿಸಲಿಲ್ಲ ನಾನು. ಎಡಗೈ ಚುರುಕಾದಷ್ಟೂ ಬಲಗೈ ಮಲಗುತ್ತದೆ, ಇದು ನಮ್ಮ ವಿದ್ಯೆಯ ಮೊದಲ ಪಾಠ. ಅದಕ್ಕೆ ಎಡಗೈಗೆ ಎಲ್ಲವನ್ನೂ ಕಲಿಸಿದೆ. ಎಡಗೈಯಲ್ಲಿ ಊಟ, ಎಡಗೈಯಲ್ಲಿ ಸಹಿ, ಎಡಗೈಯಲ್ಲಿ ಅಂಗಿಯ ಗುಂಡಿ. ಬಲ ಬರಲಿ ಎಂದು ರಬ್ಬರ್ ಚೆಂಡು ಹಿಸುಕಿಸಿದೆ, ತೋಳಿಗೆ ಮರಳಿನ ಚೀಲ ಕಟ್ಟಿ ಎತ್ತಿಸಿದೆ, ಬೀಸಿ ಚೆಂಡು ಎಸೆಯಿಸಿದೆ. ಮಹಾ ಜಾಣ ವಿದ್ಯಾರ್ಥಿ! "ನೋಡ್ರೀ, ನಮ್ ನಾದಿನಿ ನಂಗೆ ಎರಡನೇ ಕೈ ಕೊಟ್ಳು" ಎಂದು ಎಲ್ಲರ ಮುಂದೆ ಮೆರೆದರು. ವಿಭಾಗಕ್ಕೆಲ್ಲ ಒಂದು ಡಬ್ಬ ಸಿಹಿ ಹಂಚಿದರು. ನಾನೂ ತಿಂದೆ.

ಮೊನ್ನೆ ಶುಕ್ರವಾರ ದೊಡ್ಡ ಡಾಕ್ಟರು ಮತ್ತೆ ಪರೀಕ್ಷೆ ಮಾಡಿದರು. ಬಲಗೈ ಬೆರಳು ಗಂಟು ಹಾಕಿದಂತೆ ಬಿಗಿದಿವೆ, ಮಣಿಕಟ್ಟು ತಿರುಗುವುದಿಲ್ಲ. "ಹಠ ಮಾಡಿದ್ರಂತೆ, ಗ್ಲೌಸ್ ಹಾಕಿಸ್ಕೊಳ್ಳಲಿಲ್ವಂತೆ. ಇನ್ನು ಇಷ್ಟೇ ಅನ್ಸುತ್ತೆ" ಅಂದರು. ಆಗ ನೋಡಬೇಕಿತ್ತು ನೀನು ಆ ಮುಖವನ್ನು! "ಹಾಗಾದ್ರೆ ಸ್ಟೇರಿಂಗು? ಡಾಕ್ಟ್ರೇ, ಸ್ಟೇರಿಂಗು?" ಎಂದು ಮಗುವಿನ ಹಾಗೆ ಅತ್ತರು. ನಾನು ಅವರ ಎದುರಿಗೇ ನಿಂತು, ಕಣ್ಣು ಮಿಟುಕಿಸದೆ ನೋಡಿದೆ. ನನ್ನ ಹೊಟ್ಟೆ ತಣ್ಣಗಾಯಿತು. ಮಾಡಿದ್ದುಣ್ಣೋ ಮಹರಾಯ! ಆವತ್ತು ಮನೆಗೆ ಬಂದು ಎರಡು ಸಲ ಬಡಿಸಿಕೊಂಡು ಉಂಡೆ, ಬೆಳಗಾಗುವವರೆಗೆ ಮಗ್ಗುಲು ಬದಲಿಸದೆ ನಿದ್ದೆ ಮಾಡಿದೆ.

ನೀನು ಯಾವಾಗಲೂ "ದೇವರು ನೋಡ್ಕೋತಾನೆ ಬಿಡು" ಅನ್ನುತ್ತಿದ್ದೆ. ಅವನಿಗೆ ಕೈತುಂಬ ಕೆಲಸ ಅಕ್ಕಾ, ಎಷ್ಟು ಅಂತ ನೋಡಿಕೊಳ್ಳುತ್ತಾನೆ? ನಾನು ಸ್ವಲ್ಪ ನೆರವಾದೆ. ತಪ್ಪು ಅನ್ನಿಸಿದರೆ ಬರೆ, ಆದರೆ ನನಗೆ ಅನ್ನಿಸಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ನೀನು ಕಿವಿಯ ಹಿಂದೆ ಕೈ ಅಡ್ಡ ಇಟ್ಟುಕೊಂಡು "ಏನಂದೆ?" ಎಂದು ಕೇಳುವಾಗೆಲ್ಲ ನನಗೆ ಆಗುತ್ತಿದ್ದ ಸಂಕಟ ಇನ್ನು ಅರ್ಧವಾದರೂ ಇಳಿಯುತ್ತದೆ. ಆ ಕೈ ಇನ್ನು ಯಾವ ಹೆಣ್ಣಿನ ಮೇಲೂ ಏಳುವುದಿಲ್ಲ.

ಮರಿಗೆ ನನ್ನ ಆಶೀರ್ವಾದ, ಚೆನ್ನಾಗಿ ಓದಲಿ, ಚೆನ್ನಾಗಿ ಉಣ್ಣಲಿ. ಅವಳ ಅಪ್ಪನ ಸುದ್ದಿ ಅವಳಿಗೆ ಹೇಳುವುದು ಬಿಡುವುದು ನಿನಗೆ ಸೇರಿದ್ದು. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ ತಂಗಿ,
ಪುಟ್ಟಿ

ತಾ.ಕ.: ಇವತ್ತು ಗುರುವಾರ. ಅಂಟಿಸದ ಕಾಗದ ಚೀಲದಲ್ಲೇ ಉಳಿದಿತ್ತು. ಹರಿದು ಹಾಕೋಣ ಅಂದುಕೊಂಡೆ, ಆದರೆ ನೀನು ಪೂರ್ತಿ ಓದಬೇಕು.

ನಿನ್ನೆ ಅವಳೊಬ್ಬಳೇ ಬಂದಿದ್ದಳು, ಅವರ ಎಕ್ಸ್‌ರೇ ಒಯ್ಯಲು. ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಸರಿಸಿ ನೋಡಿದೆ. ಕೆನ್ನೆ ಊದಿ ಕಣ್ಣು ಮುಚ್ಚಿಹೋಗಿತ್ತು. ಇಷ್ಟು ದಿನದಲ್ಲಿ ನಾನು ಅವಳ ಮುಖವನ್ನು ಸರಿಯಾಗಿ ನೋಡಿದ್ದು ಅದೇ ಮೊದಲು.

"ಯಾವಾಗಿಂದ?" ಅಂದೆ.

"ಮದುವೆ ಆದಾಗಿಂದ. ಮಧ್ಯೆ ಎರಡು ತಿಂಗಳು ಇರಲಿಲ್ಲ" ಅಂದಳು. ಅವಳು ಅಳುತ್ತಿರಲಿಲ್ಲ. ನನ್ನನ್ನು ಬೈಯುತ್ತಲೂ ಇರಲಿಲ್ಲ. "ನೀವು ಬಲಗೈನ ಬೇಕಂತಲೇ ಬಿಟ್ರಿ ಅಂತ ನಂಗೆ ಆವತ್ತೇ ಗೊತ್ತಾಯ್ತು ಅಕ್ಕಾ. ಅದಕ್ಕೇ ಮತ್ತೆ ಕೇಳ್ಲಿಲ್ಲ. ದಿನಾ ಗಾಲಿಕುರ್ಚಿ ತಳ್ಕೊಂಡು ಬರುವಾಗ ಒಳಗೊಳಗೇ ನಿಮಗೆ ಕೈ ಮುಗೀತಿದ್ದೆ. ಎಡಗೈಗೆ ಯಾಕೆ ಅಕ್ಕಾ ಕಲಿಸಿದ್ರಿ?"

ಬಲಗೈಯನ್ನು ಹಾಳು ಮಾಡುವ ಭರದಲ್ಲಿ, ಆ ಮನೆಯಲ್ಲಿ ಇನ್ನೊಬ್ಬಳಿದ್ದಾಳೆ ಎಂಬುದೇ ನನಗೆ ಹೊಳೆಯಲಿಲ್ಲ ಅಕ್ಕಾ. ನಿನಗೋಸ್ಕರ ಮಾಡಿದೆ ಎಂದು ಅವಳಿಗೆ ಹೇಗೆ ಹೇಳಲಿ?

ಶನಿವಾರದ ಬಸ್ಸಿಗೆ ಅವಳನ್ನು ನಿನ್ನ ಹತ್ತಿರ ಕಳಿಸುತ್ತಿದ್ದೇನೆ. ನಿನ್ನನ್ನು ಕೇಳದೆಯೇ ಒಪ್ಪಿಕೊಂಡುಬಿಟ್ಟೆ. ಮರಿಯ ಕೋಣೆಯಲ್ಲಿ ಒಂದು ಹಾಸಿಗೆ ಹಾಕಿಕೊಡು. ಅವಳ ಎದುರಿಗೆ ನನ್ನನ್ನು ಹೊಗಳಬೇಡ.