ಓವನ್ನೇ ಕಪಾಟು

ಮಾರ್ಚ್ 4, ಬೆಳಿಗ್ಗೆ

ಓವನ್ನಿನಿಂದ ಬಾಣಲೆ, ಡಬ್ಬಿಗಳನ್ನೆಲ್ಲ ತೆಗೆದು ಮೇಜಿಗಿಟ್ಟು ಬ್ರೆಡ್ಡು ಬೇಯಲು ಹಾಕಿದೆ. ಓವನ್ ಆರಿದ ಮೇಲೆ ಪಾತ್ರೆಗಳೆಲ್ಲ ಮತ್ತೆ ಒಳಗೆ. ನಮ್ಮ ಕೆಂಟಕಿ ಗುಡ್ಡದವರಿಗೆ ಓವನ್ನೇ ಕಪಾಟು. ಅಷ್ಟರಲ್ಲಿ ಮಗಳು ಮಾರ್ಲಾಳ ಫೋನು. ಅವಳ ಕಂಪನಿ ಹೊಸ ಓವನ್ ಮಾಡುತ್ತಿದೆಯಂತೆ — ಕಾರಿನಲ್ಲಿ ಕುಳಿತು ಫೋನು ಒತ್ತಿದರೆ ಸಾಕು, ಮನೆಯಲ್ಲಿ ಕಾಯುತ್ತದೆ.

"ಅಮ್ಮ, ಜನ ಒಳಗೆ ಸಾಮಾನಿಡ್ತಾರೆ, ಸುಟ್ಟುಹೋಗುತ್ತೆ ಅಂದ್ರೆ ನಮ್ಮ ಇಂಜಿನಿಯರುಗಳು ನಗ್ತಾರೆ. ಗುರುವಾರ ಕರ್ಕೊಂಡು ಬರ್ತೀನಿ, ಕಣ್ಣಾರೆ ನೋಡ್ಲಿ. ಎಲ್ಲಾ ಇದ್ದ ಹಾಗೇ ಇರ್ಲಿ."

"ಹೂಂ ಕಣೇ, ನನ್ನ ಮಸಿ ತೋರ್ಸಿ ನೀನು ಜಾಣೆ ಆಗು."

ಮಾರ್ಚ್ 6

ಬಂದು ಹೋದರು. ಬೆಳಿಗ್ಗೆ ಎದ್ದವಳಿಗೆ ತಡೆಯಲಾಗಲಿಲ್ಲ. ಹೊರಗಿನವರೆದುರು ಅಡುಗೆಮನೆ ಹಾಗಿದ್ದರೆ ನನ್ನ ತಾಯಿ ಗೋರಿಯಿಂದೆದ್ದು ಬೈಯುತ್ತಾಳೆ. ಎಲ್ಲವನ್ನೂ ಮಂಚದ ಕೆಳಗೆ ತಳ್ಳಿದೆ. ತನ್ನ ಮನೆಯನ್ನೂ ನೋಡುತ್ತಾರೆಂದು ಪಕ್ಕದ ಮನೆಯ ಓಪಲ್ ತನ್ನ ಪಾತ್ರೆಗಳನ್ನು ಕಾರಿನ ಡಿಕ್ಕಿಗೆ ತುಂಬಿದಳು. ಕನ್ನಡಕದವನೊಬ್ಬ ನನ್ನ ಓವನ್ ತೆರೆದ. ಫಳಫಳ.

"ನೋಡಿದ್ರಾ ಮಾರ್ಲಾ, ಖಾಲಿ. ಇಲ್ಲೂ ಖಾಲಿ."

ಅವಳು ನನ್ನನ್ನೇ ನೋಡಿದಳು. ನಾನು ಕಾಫಿ ಬಗ್ಗಿಸಿದೆ.

ಅಕ್ಟೋಬರ್ 19

ಮಾರ್ಲಾ ಫೋನು ಮಾಡಿದಳು. ಹೊಸ ಓವನ್ ಮೆಕ್ಸಿಕೋದಲ್ಲಿ ಹೆಚ್ಚು ಮಾರಾಟವಾಗಿತ್ತಂತೆ. ಅಲ್ಲಿಯವರದೂ ನಮ್ಮದೇ ಚಾಳಿ. ಫೋನು ಒತ್ತಿದರು, ಒಳಗಿದ್ದ ಪ್ಲಾಸ್ಟಿಕ್ ಡಬ್ಬಿ ಕರಗಿ ಮನೆ ತುಂಬ ಹೊಗೆ. ಒಬ್ಬ ಅಜ್ಜಿಯ ಕೈ ಸುಟ್ಟಿತಂತೆ... ಈಗ ಕಂಪನಿ ಸಂಶೋಧನೆಯನ್ನೇ ಅಲ್ಲಿಯ ಮಾಂಟೆರೇ ಊರಿಗೆ ಒಯ್ಯುತ್ತಿದೆ.

"ಅಲ್ಲಿ ಸಂಬಳ ಕಡಿಮೆ ಅಂತ ತಾನೇ?" ಎಂದೆ.

"ಅದೂ ಇದೆ. ಆದ್ರೆ ಸಾಹೇಬ್ರು ಹೇಳಿದ್ದು ಬೇರೆ. ಕೊಳ್ಳೋರು ಅಲ್ಲಿದಾರೆ, ಆ ಅಡುಗೆಮನೇಲಿ ಬೆಳೆದೋರೇ ಅಲ್ಲಿ ಇಂಜಿನಿಯರಾಗಿದಾರೆ. ಇಲ್ಲಿ ನಮ್ಮ ಓಹಾಯೋ ಆಫೀಸಲ್ಲಿ ಒಬ್ಬರಿಗೂ ಏನೂ ಗೊತ್ತಿಲ್ವಂತೆ."

"ನಿನಗೆ ಗೊತ್ತಿತ್ತಲ್ಲೇ."

"ಗೊತ್ತಿತ್ತು. ತೋರ್ಸೋಕೆ ಒಂದು ಮನೆ ಬೇಕಿತ್ತು."

ನವೆಂಬರ್ 2

ಮಾರ್ಲಾ ತನ್ನ ಮಕ್ಕಳಿಬ್ಬರನ್ನು ನನ್ನ ಬಳಿ ಬಿಡಲು ಬಂದಳು. ಕ್ರಿಸ್ಮಸ್ ತನಕ ಮಾಂಟೆರೇಯಲ್ಲಿದ್ದು ಅಲ್ಲಿಯವರಿಗೆ ಕೆಲಸ ಕಲಿಸಿಕೊಡಬೇಕು. ಆಮೇಲೆ ಇವಳಿಗೆ ಕೆಲಸವಿಲ್ಲ.

"ನಾಚಿಕೆಯಾಗಿ ನಾನೇ ಬಚ್ಚಿಟ್ಟೆ ಅಂತ ನಿಮ್ಮ ಸಾಹೇಬರಿಗೆ ಹೇಳ್ತೀನಿ" ಎಂದೆ.

"ಯಾರಿಗೆ ಹೇಳ್ತೀಯಮ್ಮ? ಅವರನ್ನೂ ಹೋದ ವಾರ ಮನೆಗೆ ಕಳ್ಸಿದ್ರು."

ಬೈಯಲಿ ಎಂದು ಕಾದೆ. ಬೈಯಲಿಲ್ಲ. ಊರಿಗೆಲ್ಲ ಚೂರಿ ನನ್ನ ಬಾಯಿ. "ತಪ್ಪಾಯ್ತು ಮಗಳೇ" ಎನ್ನಲು ಮಾತ್ರ ಬರಲಿಲ್ಲ. ಕಾರು ತಿರುಗಿಸುವಾಗ ಬಾಗಿಲಿಗೆ ಓಡಿದೆ. ಕೂಗಿ ಹೇಳಿದ್ದು ಇಷ್ಟೇ — ಅಲ್ಲಿ ಬಿಸಿಲಂತೆ ಕಣೇ, ಟೋಪಿ...