ಉಪ್ಪಿಲ್ಲದ ಗಂಜಿ

ಮೂಡುಬಿದಿರೆ, 2008

ಉಮ್ಮಾ,

ನಿನಗೆ ಓದಲು ಬರುತ್ತಿರಲಿಲ್ಲ, ಈಗ ನೀನೇ ಇಲ್ಲ. ಆದರೂ ಈ ಸುದ್ದಿಯನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ನಿನ್ನ ಕಣ್ಣಿನ ಕಾಯಿಲೆ ನನಗೂ ಬಂದಿದೆ. ಯಾವ ಮದ್ದಿಗೂ ಬಗ್ಗಲಿಲ್ಲ. ಮೊನ್ನೆ ಮಂಗಳೂರಿನಲ್ಲಿ ಆಪರೇಶನ್ ಆಯಿತು. ಕಣ್ಣೊಳಗಿನ ನೀರು ಹೊರಗೆ ಹೋಗಲು ಸಣ್ಣ ದಾರಿ ಮಾಡಿದರು. ಅದು ಮತ್ತೆ ಮುಚ್ಚಬಾರದೆಂದು ಒಂದು ಮದ್ದು ಹಾಕಿ, ಮೇಲಿಂದ ನೀಲಿ ಬೆಳಕು ಹಾಯಿಸಿದರು. ಬೆಳಕು ಬಿದ್ದರೆ ಮಾತ್ರ ಆ ಮದ್ದು ಕೆಲಸ ಮಾಡುವುದಂತೆ. ಇನ್ನೂ ಪರೀಕ್ಷೆಯಲ್ಲಿರುವ ಚಿಕಿತ್ಸೆ, ಗ್ಯಾರಂಟಿ ಇಲ್ಲ ಅಂದರು.

"ಉಪ್ಪು ಪೂರ್ತಿ ಬಿಡಬೇಕಾ?" ಎಂದು ಕೇಳಿದೆ. ಡಾಕ್ಟರು ನಕ್ಕರು. "ಉಪ್ಪು ಬಿಡುವುದು ಬೀಪಿಗೆ ಮಾರಾಯ್ರೆ. ಕಣ್ಣಿನ ಪ್ರೆಶರೇ ಬೇರೆ."

1990ರಲ್ಲಿ ಇಲ್ಲಿಯ ಡಾಕ್ಟರು "ಕಣ್ಣಲ್ಲಿ ಪ್ರೆಶರ್ ಉಂಟು, ದಿನಾ ಡ್ರಾಪ್ಸ್ ಬಿಡಿ" ಅಂದದ್ದನ್ನು ನಿನಗೆ ನಮ್ಮ ಬ್ಯಾರಿ ಭಾಷೆಯಲ್ಲಿ ತಿಳಿಸಿದವಳು ಹತ್ತನೇ ಕ್ಲಾಸಿನ ನಾನು. ಉಪ್ಪು ಬಿಡಬೇಕೆಂದು ನಾನೇ ಸೇರಿಸಿದ್ದೆ. ಡ್ರಾಪ್ಸ್ ಮುಗಿದಾಗ, "ಉಪ್ಪು ಬಿಟ್ಟಿದ್ದೇನಲ್ಲ, ಸಾಕು" ಅಂದೆ ನೀನು. ನಾನೂ ಹೂಂ ಅಂದೆ. ಎರಡೂ ಕಣ್ಣು ಹೋದ ಮೇಲೂ, ಸಾಯುವವರೆಗೂ ನೀನು ಉಪ್ಪು ಮುಟ್ಟಲಿಲ್ಲ.

ಇವತ್ತು ನನ್ನ ಮಗಳು ಹನಾ ಗಂಜಿ ತಂದಿಟ್ಟಳು. "ಪ್ರೆಶರಲ್ವಾ ಉಮ್ಮಾ, ಉಪ್ಪು ಹಾಕಲಿಲ್ಲ" ಅಂದಳು. ನಾನು ತಿದ್ದಲಿಲ್ಲ. ಬಟ್ಟಲು ಖಾಲಿ ಮಾಡಿದೆ.

ಏಳು ವರ್ಷ ಇದನ್ನು ಹೇಗೆ ಉಂಡೆ ಉಮ್ಮಾ, ಒಮ್ಮೆಯೂ ಚಪ್ಪೆ ಅನ್ನದೆ?

ಸಬೀಹಾ